ಮುದಿಗೂಳಿಯ ಸಡಿಲ ಮೂಗುದಾರ

"ಎಡಕ್ಕೆ!" ಎಂದು ಜೀಪಿನ ಹೊಟ್ಟೆಯಡಿಯಿಂದ ಸೊಸೆ ಕೂಗಿದಳು.

ಡ್ರೈವರ್ ಸೀಟಿನಲ್ಲಿ ಕೂತಿದ್ದ ಅತ್ತೆ ಸ್ಟೀರಿಂಗನ್ನು ಎಡಕ್ಕೆಳೆದರು.

"ಬಲಕ್ಕೆ!"

ಬಲಕ್ಕೆಳೆದರು.

"ಅತ್ತೆ, ಕೂತಲ್ಲೇ ನಿದ್ದೆ ಹೋದ್ರಾ? ತಿರುಗಿಸಿ ಅಂದೆ."

"ತಿರುಗಿಸ್ತಾನೇ ಇದ್ದೀನಲ್ಲೇ! ಮಜ್ಜಿಗೆ ಕಡೆದ ಹಾಗೆ ಕಡೀತಿದ್ದೀನಿ. ಇನ್ನೊಂದು ಗಳಿಗೆ ಹೋದ್ರೆ ಬೆಣ್ಣೆ ತೇಲುತ್ತೆ."

ಸೊಸೆಯ ಮೂಗಿನ ನೇರಕ್ಕಿದ್ದ ಮುಂದಿನ ಚಕ್ರ ಎಳ್ಳಷ್ಟೂ ಅಲ್ಲಾಡಿರಲಿಲ್ಲ. ಮೇಲೆ ಇಷ್ಟೊಂದು ಕಡೆದಾಟ, ಕೆಳಗೆ ತಪಸ್ಸು. ನಡುವೆ ಎಲ್ಲೋ ಆ ತಿರುವೆಲ್ಲ ಸೋರಿಹೋಗುತ್ತಿತ್ತು.

ಈ ಹಳೆಯ ಫೋರ್ ವೀಲ್ ಡ್ರೈವ್ ಜೀಪು ಸರ್ವೆಯರ್ ತಾತನದು. ಕಳೆದ ವಾರ ಅದು ತಿರುಗು ಎಂದ ಕಡೆ ತಿರುಗದೆ, ಅವರು ಮದುವೆಯಾಗಬೇಕೆಂದಿದ್ದ ಬೇಕರಿ ಒಡತಿಯ ಅಂಗಡಿಯ ಗಾಜಿಗೇ ನುಗ್ಗಿತ್ತು. ತಪ್ಪು ಕೈಯದೋ ಕಬ್ಬಿಣದ್ದೋ ಎಂಬುದನ್ನು ಸಾರಿಗೆ ಅಧಿಕಾರಿ ನಾಳೆ ತಾತನಿಂದ ಗಾಡಿ ಓಡಿಸಿ ನೋಡಿ ತೀರ್ಮಾನಿಸುವವರಿದ್ದರು. ಕೈಯದು ಎಂದಾದರೆ ತಾತನ ಲೈಸೆನ್ಸು ಹೋದಂತೆಯೇ.

ತಾತ ಗೋಡೆಗೆ ಒರಗಿಸಿದ ಸ್ಟೂಲಿನ ಮೇಲೆ ಕೂತು ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು. ಗುಡ್ಡ ಕಣಿವೆಗಳನ್ನು ಅಳೆದು, ಕಾಗದದ ಮೇಲೆ ಕೂದಲೆಳೆಯಷ್ಟು ಸಪೂರ ಗೆರೆ ಎಳೆದ ಕೈಗಳು ಅವು.

"ಸುಮ್ನೆ ತೊಂದರೆ ತಗೋತೀಯಮ್ಮ," ಎಂದರು. "ಗಾಡಿ ನನ್ನ ಜೊತೆ ಅರ್ಧ ಆಯುಸ್ಸು ಕಳೆದಿದೆ. ಅದು ಮೋಸ ಮಾಡಲ್ಲ. ನನ್ನ ಕೈಯೇ ಸಡಿಲ ಆಗಿದೆ. ಅದಕ್ಕೇ ಅವರು ಈ ಕಡೆ ತಲೆ ಹಾಕಿಲ್ಲ."

'ಅವರು' ಎಂದರೆ ಬೇಕರಿ ಒಡತಿ. ಗಾಜು ಒಡೆದ ದಿನದಿಂದ ಆಕೆ ತಾತನ ಕಣ್ಣಿಗೆ ಬಿದ್ದಿರಲಿಲ್ಲ.

"ಸರ್ವೆಯರ್ರೇ, ತೀರ್ಪು ಆಮೇಲೆ. ಮೊದಲು ಸಾಕ್ಷಿ ಬರಲಿ," ಎಂದರು ಅತ್ತೆ.

ಅತ್ತೆ ಕೋರ್ಟಿನಲ್ಲಿ ಶೀಘ್ರಲಿಪಿ ಬರೆಯುತ್ತಿದ್ದವರು. ನೌಕರಿಯುದ್ದಕ್ಕೂ ಸಾಕ್ಷಿಗಳ ಸುಳ್ಳುಗಳನ್ನು ಅಕ್ಷರ ಬಿಡದೆ ಬರೆದುಕೊಂಡು, ಸುಳ್ಳು ಬಾಯಿಗೆ ಬರುವ ಮೊದಲೇ ಅದರ ವಾಸನೆ ಹಿಡಿಯುವಷ್ಟು ಪಳಗಿದ್ದರು. ನಿವೃತ್ತರಾದ ಮರುದಿನವೇ ಸೊಸೆಯ ಗ್ಯಾರೇಜಿನಲ್ಲಿ ಒಂದು ಕುರ್ಚಿ ಹಾಕಿಕೊಂಡರು. ಅಂದಿನಿಂದ ಕೆಟ್ಟ ಗಾಡಿಗಳು ಸೊಸೆಯ ಪಾಲು, ಕೆಟ್ಟ ಸಂಗತಿಗಳು ಅತ್ತೆಯ ಪಾಲು. ಕೆಲವೊಮ್ಮೆ, ಇವತ್ತಿನ ಹಾಗೆ, ಎರಡೂ ಒಂದೇ ಗಾಡಿಯಲ್ಲಿ ಬರುತ್ತಿದ್ದವು.

ಸೊಸೆ ಬೆಳಗ್ಗೆಯೇ ಟೈರುಗಳಿಗೆ ಸರಿಯಾಗಿ ಗಾಳಿ ಹಿಡಿದಿದ್ದಳು. ಮುಂದಿನ ಒಂದು ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ ನೋಡಿದ್ದಳು. ಬೇರಿಂಗು ಗಟ್ಟಿ. ಇನ್ನೊಂದು ಕಡೆಯೂ ಗಟ್ಟಿ. ಆಮೇಲೆ ನಾಲ್ಕೂ ಚಕ್ರಗಳನ್ನು ನೆಲಕ್ಕಿಳಿಸಿ, ಅತ್ತೆಯನ್ನು ಮೇಲೆ ಕೂರಿಸಿ, ತಾನು ಕೆಳಗೆ ಮಲಗಿದ್ದಳು.

ಸ್ಟೀರಿಂಗಿನಿಂದ ಚಕ್ರದವರೆಗೆ ತಿರುವು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಾ ಬರುತ್ತದೆ, ಮದುವೆಮನೆಯಲ್ಲಿ ಪಾತ್ರೆ ದಾಟಿಸಿದ ಹಾಗೆ. ಎಲ್ಲಿ ಒಂದು ಕೈ ಸಡಿಲವೋ ಅಲ್ಲಿ ಪಾತ್ರೆ ತಡವರಿಸುತ್ತದೆ. ಸೊಸೆ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಳು. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ಸಿಗುತ್ತದೆ.

"ಮೆಲ್ಲಗೆ ಅತ್ತೆ. ತೊಟ್ಟಿಲು ತೂಗಿದ ಹಾಗೆ."

"ಮೊಮ್ಮಗು ಕೊಡು ಅಂದ್ರೆ ಜೀಪು ಕೊಟ್ಟಿದ್ದೀಯ. ತೂಗ್ತೀನಿ."

ಡ್ರ್ಯಾಗ್ ಲಿಂಕ್ ಎಂಬ ಉದ್ದ ಸರಳಿನ ತುದಿಯ ಬಾಲ್ ಜಾಯಿಂಟು ಬೆರಳಿಗೆ ಟಿಕ್ ಎಂದಿತು. ಒಂದು ಸಿಕ್ಕಿತು. ಸವೆದಿದೆ. ಆದರೆ ಇದು ವಯಸ್ಸಿನ ಸವೆತ. ಇಷ್ಟರಿಂದಲೇ ಗಾಡಿ ಗಾಜಿಗೆ ನುಗ್ಗುವುದಿಲ್ಲ.

ಅವಳು ಬೆರಳನ್ನು ಮೇಲಕ್ಕೆ, ತಿರುವನ್ನು ಆ ಸರಳಿಗೆ ದಾಟಿಸುವ ಸ್ಟೀರಿಂಗ್ ಬಾಕ್ಸಿನ ಕಡೆ ಸರಿಸಿದಳು. ಬಾಕ್ಸಿನ ನೆತ್ತಿಯ ಮೇಲೆ ಸ್ಟೀರಿಂಗಿನ ಬಿಗಿ ಹೊಂದಿಸುವ ಒಂದು ಸ್ಕ್ರೂ ಇರುತ್ತದೆ. ಅರೆಬೆಂದ ಮೆಕ್ಯಾನಿಕ್ಕುಗಳು ಸ್ಟೀರಿಂಗು ಸಡಿಲ ಎಂದ ಕೂಡಲೇ ಅದನ್ನು ಬಿಗಿದು ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಗಾಡಿ ತಿರುಗಿದರೆ ತಿರುಗಿದ್ದೇ, ನೇರವಾಗಲು ಒಲ್ಲೆ ಎನ್ನುತ್ತದೆ. ಸೊಸೆ ಸ್ಕ್ರೂ ಮುಟ್ಟಲಿಲ್ಲ. ಬಾಕ್ಸಿನ ಮೇಲೆ ಇಡೀ ಅಂಗೈ ಇಟ್ಟಳು.

"ಎಡಕ್ಕೆ."

ಬಾಕ್ಸಿಗೆ ಬಾಕ್ಸೇ ಎಡಕ್ಕೆ ವಾಲಿತು.

"ಬಲಕ್ಕೆ!"

ಬಲಕ್ಕೆ ವಾಲಿತು. ಬೀಳಲು ಬಂದ ಹಲ್ಲಿನ ಹಾಗೆ.

"ಅತ್ತೆ, ನಿಲ್ಲಿಸಿ!" ಅವಳ ದನಿಗೆ ರೆಕ್ಕೆ ಬಂದಿತ್ತು. "ತಾತ, ಕೈ ನೋಡ್ಕೊಳ್ಳೋದು ಬಿಡಿ. ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲ!"

ತಾತ ಸ್ಟೂಲಿನಿಂದ ಎದ್ದ ರಭಸಕ್ಕೆ ಸ್ಟೂಲು ಮಗುಚಿತು.

ಬಾಕ್ಸನ್ನು ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಹಿಡಿದಿಡಬೇಕಾದ ನಾಲ್ಕು ಬೋಲ್ಟುಗಳಲ್ಲಿ ಎರಡು ಇರಲೇ ಇಲ್ಲ. ಉಳಿದ ಎರಡು ಪ್ರಾಣ ಹಿಡಿದುಕೊಂಡು ಜೋತಾಡುತ್ತಿದ್ದವು. ಸೊಸೆ ಟಾರ್ಚು ಹಾಕಿ ಖಾಲಿ ತೂತುಗಳನ್ನು ನೋಡಿದಳು. ನೋಡಿದಷ್ಟೂ ಅವಳ ಹುಬ್ಬು ಗಂಟಿಕ್ಕಿತು.

"ಅತ್ತೆ, ಇವು ತಾವಾಗಿ ಬಿದ್ದದ್ದಲ್ಲ."

"ಹೇಗೆ ಹೇಳ್ತೀಯ?"

"ತಾವಾಗಿ ಬೀಳೋ ಬೋಲ್ಟು ಬೀಳೋಕೆ ಮುಂಚೆ ವರ್ಷಗಟ್ಟಲೆ ಅಲ್ಲಾಡಿ ತೂತನ್ನ ಮೊಟ್ಟೆ ಆಕಾರ ಮಾಡುತ್ತೆ. ಇವು ದುಂಡಗಿವೆ. ಸುತ್ತ ತುಕ್ಕು, ಕೆಸರು, ಎಣ್ಣೆ. ಆದರೆ ವಾಷರ್ ಕೂತಿದ್ದ ಜಾಗ ಮಾತ್ರ ಹೊಸ ನಾಣ್ಯದ ಹಾಗೆ ಹೊಳೀತಿದೆ. ಯಾರೋ ಈಚೆಗೆ ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ."

ಅತ್ತೆ ಸ್ಟೀರಿಂಗಿನಿಂದ ಕೈ ತೆಗೆದರು. ಇಷ್ಟು ಹೊತ್ತು ಬೆಣ್ಣೆ ಎತ್ತುತ್ತಿದ್ದ ಮುಖದಲ್ಲಿ ಈಗ ಕೋರ್ಟು ಸೇರಿತ್ತು.

"ಸರ್ವೆಯರ್ರೇ, ಜೀಪಿನ ಕೀ ಎಲ್ಲಿರುತ್ತೆ?"

"ನಮ್ಮ ಮನೆ ಬಾಗಿಲ ಹಿಂದಿನ ಮೊಳೆಗೆ. ಬೆಳಗ್ಗೆ ನಾನು ವಾಕಿಂಗ್ ಹೋದಾಗಲೂ ಅಲ್ಲೇ."

"ಅಂದ್ರೆ ಊರಿಗೆಲ್ಲ ಒಂದೇ ಕೀ," ಎಂದರು ಅತ್ತೆ. ಬೆರಳು ಮಡಿಸಿದರು. "ಒಂದು, ಪಿಟೀಲು ಮೇಷ್ಟ್ರು. ಬೇಕರಿಯಲ್ಲಿ ದಿನಾ ಸಂಜೆ ಚಹ ಕುಡೀತಿದ್ದವರು, ನಿಮ್ಮ ಮದುವೆ ಮಾತು ಬಂದ ದಿನದಿಂದ ಆ ಬೀದಿಗೇ ಕಾಲಿಡ್ತಿಲ್ಲ. ಎರಡು, ನಿಮ್ಮ ಅಣ್ಣನ ಮಗ. ಗಾಡಿ ಗುಜರಿಗೆ ಹಾಕಿ ಹಾಕಿ ಅಂತ ವಾರದಿಂದ ಒಂದೇ ರಾಗ. ಮೂರು..."

"ಮೂರನೆಯವರ ಹೆಸರೆತ್ತಬೇಡಿ," ಎಂದರು ತಾತ ಮೆಲ್ಲಗೆ.

ಅತ್ತೆ ಎತ್ತಲಿಲ್ಲ. ಮೂರನೆಯ ಬೆರಳು ಮಾತ್ರ ಮಡಿಸಿದರು.

ಸೊಸೆಗೆ ಈಗ ಕೆಲಸದ ಹುರುಪು. ಅಧಿಕಾರಿಗೆ ತೋರಿಸಲೆಂದು ಖಾಲಿ ತೂತುಗಳ ಫೋಟೋ ಮೊದಲೇ ತೆಗೆದಿಟ್ಟುಕೊಂಡಳು. ಬಾಕ್ಸಿನ ಬೋಲ್ಟಿನ ಅಳತೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಹಳೆಯ ಡಬ್ಬವನ್ನು ನೆಲಕ್ಕೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ, ನಾಲ್ಕು ಹುಡುಕಿದಳು. ಹೊಸ ಸ್ಪ್ರಿಂಗ್ ವಾಷರ್ ಹಾಕಿ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದಳು. ಡ್ರ್ಯಾಗ್ ಲಿಂಕಿನ ತುದಿಗೆ ಹೊಸ ಜಾಯಿಂಟು ಕೂರಿಸಿ, ನಟ್ಟಿನ ತೂತಿನಲ್ಲಿ ಪಿನ್ನು ತೂರಿಸಿ ಅದರ ಕಾಲು ಮಡಚಿದಳು. ಗ್ರೀಸು ತುಂಬಿದಳು. ತಾತ ಸುಮ್ಮನೆ ಕೂರದೆ ನೂಲು ತಂದು, ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಎಳೆದು ಹಿಡಿದು, ಒಂದು ಕಣ್ಣು ಮುಚ್ಚಿ ನೇರ ನೋಡಿಕೊಟ್ಟರು.

"ಇನ್ನು ತಿರುಗಿಸಿ ಅತ್ತೆ."

ಅತ್ತೆ ಎರಡು ಬೆರಳಿನಷ್ಟು ತಿರುಗಿಸಿದರು. ಚಕ್ರ ಕರೆದ ಕೂಡಲೇ ಓಗೊಡುವ ಕರುವಿನ ಹಾಗೆ ತಿರುಗಿತು.

"ಅಯ್ಯಯ್ಯೋ!" ಅತ್ತೆ ಮಗುವಿನ ಹಾಗೆ ನಕ್ಕರು. "ಮುದಿಗೂಳಿಗೆ ಮೂಗುದಾರ ಬಂತು!"

ತಾತನಿಗೆ ಆಗಲೇ ಓಡಿಸುವ ಆಸೆ. ಬಾಗಿಲಿಗೆ ಕೈ ಹಾಕಿಯೂಬಿಟ್ಟರು. ಅಷ್ಟರಲ್ಲಿ ಗೇಟಿನಾಚೆ ಹಳೇ ತಗಡುಗಳನ್ನು ಗಲಗಲ ಎನ್ನಿಸುತ್ತಾ ಲಾರಿಯೊಂದು ಬಂದು ನಿಂತ ಸದ್ದಾಯಿತು. ಅತ್ತೆ ಕಿವಿ ನಿಮಿರಿಸಿದರು.

"ಗುಜರಿ ಲಾರಿ. ಜೊತೆಗೆ ನಿಮ್ಮ ಅಣ್ಣನ ಮಗ ಇರ್ತಾನೆ. ಸರ್ವೆಯರ್ರೇ, ಸ್ಪೇರ್ ಪಾರ್ಟ್ ಕೋಣೆಗೆ ಹೋಗಿ ಬಾಗಿಲ ಹಿಂದೆ ನಿಲ್ಲಿ. ನಾನು ಕರೆಯೋವರೆಗೂ ಕೆಮ್ಮಬಾರದು. ಸೊಸೆ, ನೀನು ಮತ್ತೆ ಕೆಳಗೆ ಹೋಗು. ಗಾಡಿ ಸರಿಹೋಯ್ತು ಅಂತ ಯಾರ ಬಾಯಲ್ಲೂ ಬರಬಾರದು."

ಸೊಸೆ ಕೆಳಗೆ ತೂರಿದಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಅಂಗಳದ ನೆಲ ಮಾತ್ರ.

ಆ ನೆಲದ ಮೇಲೆ ಒಂದು ಜೊತೆ ಬೂಟು ನಡೆದುಬಂತು. ಮುಖ ನೋಡಿಕೊಳ್ಳುವಷ್ಟು ಪಾಲಿಶು, ಅದರ ಮೇಲೆ ಚೂರಿಯಂಥ ಗೀರಿನ ಪ್ಯಾಂಟು. ಅಣ್ಣನ ಮಗನಿಗೆ ಊರೆಲ್ಲ 'ಇಸ್ತ್ರಿ' ಎನ್ನುತ್ತಿದ್ದದ್ದು ಸುಮ್ಮನಲ್ಲ.

"ನಮಸ್ಕಾರ ಅಮ್ಮ. ಚಿಕ್ಕಪ್ಪ ಇಲ್ವಾ?"

"ಮನಸ್ಸು ಸರಿಯಿಲ್ಲ ಅವರದ್ದು. ಬಾಪ್ಪಾ. ನೀನು ಹೇಳಿದ್ದೇ ಸರಿ ಅನ್ನಿಸ್ತು. ಈ ಗಾಡಿ ಗುಜರಿಗೇ ಲಾಯಕ್ಕು."

ಬೂಟುಗಳ ಹಿಮ್ಮಡಿ ನೆಲಕ್ಕಿಳಿಯಿತು. ಇಷ್ಟು ಹೊತ್ತು ಮನುಷ್ಯ ತುದಿಗಾಲಿನಲ್ಲಿ ನಿಂತಿದ್ದ ಎಂಬುದು ಸೊಸೆಗೆ ಆಗ ಗೊತ್ತಾಯಿತು.

"ಮೆಕ್ಯಾನಿಕ್ ಅಕ್ಕ ಏನಾದ್ರೂ ನೋಡಿದ್ರಾ? ಕೆಳಗೆ?"

"ನೋಡ್ತಾ ಇದ್ದಾಳೆ, ಅವಳಿಗೇನೂ ಹೊಳೀತಿಲ್ಲ," ಎಂದರು ಅತ್ತೆ. ಸೊಸೆ ಕೆಳಗೆ ತುಟಿ ಕಚ್ಚಿದಳು. "ಅಂದ ಹಾಗೆ, ನೀನು ಇದನ್ನ ಎಂದಾದ್ರೂ ಓಡಿಸಿದ್ದೀಯಾ?"

"ನಾನಾ? ಇಲ್ಲಪ್ಪ! ಚಿಕ್ಕಪ್ಪ ಮುಟ್ಟೋಕೂ ಬಿಡಲ್ಲ. ಇದರ ಸೀಟಿನ ಮೇಲೆ ಒಂದು ದಿನಾನೂ ಕೂತವನಲ್ಲ."

ಬಲಗಾಲಿನ ಬೂಟು ಎಡಗಾಲಿನ ಬೂಟನ್ನು ಮೆಲ್ಲಗೆ ತುಳಿಯಿತು. ಬೂಟಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದುಕೊಂಡಳು ಸೊಸೆ.

"ಹಾಗಾದ್ರೆ ಇವತ್ತೊಂದು ದಿನ ಕೂತುಬಿಡು. ಲಾರಿ ಒಳಗೆ ಬರಲ್ಲ, ಗೇಟು ಚಿಕ್ಕದು. ಇವಳ ಕೈಯೆಲ್ಲ ಗ್ರೀಸು, ನನಗೆ ಗಾಡಿ ಬರಲ್ಲ. ಗೇಟಿನ ತನಕ ತಂದುಕೊಡು, ಮುಗೀತು."

ಬೂಟುಗಳು ಅಳೆದು ಸುರಿದು ನೋಡಿದವು. ಆಮೇಲೆ ಒಂದೊಂದಾಗಿ ಮೇಲೆ ಹೋದವು. ಸೊಸೆ ಹೊರಗೆ ಬಂದು ಪಕ್ಕಕ್ಕೆ ನಿಂತಳು, ಬಟ್ಟೆಯಲ್ಲಿ ಕೈ ಒರೆಸುತ್ತಾ, ಏನೂ ಹೊಳೆಯದವಳ ಮುಖ ಮಾಡಿಕೊಂಡು.

ಇಸ್ತ್ರಿ ಕೀಯನ್ನು ಅರ್ಧ ತಿರುಗಿಸಿ ನಿಲ್ಲಿಸಿದ. ಆಕ್ಸಿಲರೇಟರನ್ನು ಎರಡು ಸಲ ಒತ್ತಿದ. ಆಮೇಲೆ ಕೀಯನ್ನು ಪೂರ್ತಿ ತಿರುಗಿಸಿದ. ಮುದಿಗೂಳಿ ಒಂದೇ ಕೂಗಿಗೆ ಎದ್ದಿತು.

ಅತ್ತೆ ಸೊಸೆಯ ಕಡೆ ನೋಡಿದರು. ಸೊಸೆ ಅತ್ತೆಯ ಕಡೆ ನೋಡಿದಳು.

ಜೀಪು ಹೊರಟಿತು. ಗೇಟು ಬಲಕ್ಕಿತ್ತು. ಬಲಕ್ಕೆ ಹೊರಳುವ ಜಾಗಕ್ಕೆ ಬರುವ ಮುಂಚೆಯೇ ಇಸ್ತ್ರಿ ಸ್ಟೀರಿಂಗನ್ನು ಬಾವಿಯ ರಾಟೆಯ ಹಾಗೆ ಭರ್ರನೆ ಸುತ್ತಿದ. ಹಿಂದಿನ ವಾರವಾಗಿದ್ದರೆ ಅಷ್ಟೂ ಸುತ್ತು ಗಾಳಿಗೆ ಹೋಗಿ, ಗಾಡಿ ಹದವಾಗಿ ತಿರುಗುತ್ತಿತ್ತು. ಇವತ್ತು ಮುದಿಗೂಳಿ ಹೇಳಿದ ಮಾತನ್ನು ಅಕ್ಷರಶಃ ಕೇಳಿತು. ಗಕ್ಕನೆ ಬಲಕ್ಕೆ ಹೊರಳಿ, ಗೇಟು ಬಿಟ್ಟು, ಹಳೆಯ ಟೈರುಗಳ ರಾಶಿಗೆ ಮೂಗು ತೂರಿಸಿ ನಿಂತಿತು. ಮೇಲಿನ ಟೈರೊಂದು ಯೋಚಿಸಿ ಯೋಚಿಸಿ ಕೆಳಗೆ ಉರುಳಿ ಬಾನೆಟ್ಟಿನ ಮೇಲೆ ಕೂತಿತು.

"ಇದು... ಇದು ಸರಿಹೋಗಿದೆ!" ಎಂದ ಇಸ್ತ್ರಿ, ಮೋಸಹೋದವನ ದನಿಯಲ್ಲಿ.

"ಹೋಗಿದೆ," ಎಂದರು ಅತ್ತೆ ಬಾಗಿಲ ಬಳಿ ನಿಂತು. "ಆದರೆ ಅದು ಕೆಟ್ಟಿದ್ದಾಗ ಹೇಗೆ ತಿರುಗಿಸಬೇಕಿತ್ತು ಅನ್ನೋದು ನಿನ್ನ ಕೈಗೆ ಹೇಗಪ್ಪಾ ಗೊತ್ತು?"

"ಸ್ಟೀರಿಂಗ್ ಸಡಿಲ ಅಂತ ಊರಿಗೇ ಗೊತ್ತಲ್ಲಮ್ಮ! ಅದಕ್ಕೇ ಜಾಸ್ತಿ ತಿರುಗಿಸಿದೆ."

ಒಳ್ಳೆಯ ಉತ್ತರ. ಅತ್ತೆ ಒಂದು ಕ್ಷಣ ಮೆಚ್ಚಿಕೊಂಡರು ಕೂಡ. ಆದರೆ ಸೊಸೆ ಬಿಡಲಿಲ್ಲ.

"ಸ್ಟೀರಿಂಗ್ ವಿಷಯ ಊರಿಗೆ ಗೊತ್ತು, ಒಪ್ಪಿದೆ. ಕೀ ಅರ್ಧ ತಿರುಗಿಸಿ ನಿಲ್ಲಿಸಿ, ಎರಡು ಸಲ ಒತ್ತಿದ್ರೆ ಮಾತ್ರ ಈ ಗಾಡಿ ಏಳುತ್ತೆ ಅನ್ನೋದು ತಾತನಿಗೆ ಗೊತ್ತು, ನನಗೆ ಗೊತ್ತು. ಸೀಟಿನ ಮೇಲೆ ಒಂದು ದಿನವೂ ಕೂರದವನಿಗೆ ಯಾರು ಹೇಳಿಕೊಟ್ರು?"

ಇಸ್ತ್ರಿಯ ಪ್ಯಾಂಟಿನ ಗೀರು ಒಂದು ಬಿಟ್ಟು ಉಳಿದದ್ದೆಲ್ಲ ಮುದುಡಿತು.

ಕೋಣೆಯ ಬಾಗಿಲು ತೆರೆಯಿತು. ಅತ್ತೆ ಕರೆಯುವ ಮೊದಲೇ ತಾತ ಹೊರಗೆ ಬಂದಿದ್ದರು.

"ಬೋಲ್ಟು ನೀನು ಬಿಚ್ಚಿದ್ದೇನೋ?"

"ಬೋಲ್ಟಾ?" ಇಸ್ತ್ರಿ ಬಾಯಿ ತೆರೆದ. "ಯಾವ ಬೋಲ್ಟು? ಚಿಕ್ಕಪ್ಪ, ನಿಮ್ಮಾಣೆ, ಓಡಿಸಿದ್ದು ನಿಜ. ನೀವು ವಾಕಿಂಗ್ ಹೋದಾಗ ಮೈದಾನಕ್ಕೆ ತಗೊಂಡು ಹೋಗ್ತಿದ್ವಿ. ಮೊದಮೊದಲು ಚೆನ್ನಾಗೇ ಇತ್ತು. ಒಂದು ಬೆಳಗ್ಗೆ ಇದ್ದಕ್ಕಿದ್ದ ಹಾಗೆ ಸಡಿಲ ಆಯ್ತು. ಯಾವುದೋ ಕಲ್ಲಿಗೆ ಹತ್ತಿಸಿ ನಾವೇ ಕೆಡಿಸಿದ್ವಿ ಅಂದ್ಕೊಂಡೆ. ಹೇಳೋಕೆ ಧೈರ್ಯ ಬರಲಿಲ್ಲ. ಆಮೇಲೆ ಗಾಜು ಒಡೀತು. ನನ್ನಿಂದಲೇ ನಿಮಗೆ ಹೀಗಾಯ್ತಲ್ಲ ಅಂತ ಊಟ ಸೇರಲಿಲ್ಲ. ಗಾಡಿಯೇ ಇಲ್ಲದಿದ್ರೆ ಎಲ್ಲರೂ ಮರೀತಾರೆ ಅಂತ..."

"ಹೋಗ್ತಿದ್ವಿ, ಕೆಡಿಸಿದ್ವಿ," ಎಂದರು ಅತ್ತೆ. "ಈ 'ವಿ'ಯಲ್ಲಿ ಇನ್ನೊಬ್ಬರು ಯಾರು?"

"ಅದೊಂದು ಕೇಳಬೇಡಿ. ಮಾತು ಕೊಟ್ಟಿದ್ದೀನಿ."

"ಮಾತು ವಾಪಸ್ ತಗೊಳ್ಳಪ್ಪಾ. ನಾನೇ ಹೇಳ್ತೀನಿ."

ಗೇಟಿನಲ್ಲಿ ಬೇಕರಿ ಒಡತಿ ನಿಂತಿದ್ದರು. ಮೊಣಕೈವರೆಗೂ ಹಿಟ್ಟು, ಏಪ್ರನ್ನು ಬಿಚ್ಚುವಷ್ಟೂ ಪುರುಸೊತ್ತಿಲ್ಲದೆ ಓಡಿಬಂದ ಏದುಸಿರು.

"ಗುಜರಿ ಲಾರಿ ಈ ಕಡೆ ಬರೋದು ನೋಡಿದೆ, ಮನಸ್ಸು ತಡೀಲಿಲ್ಲ," ಎಂದರು. ತಾತನ ಮುಖ ನೋಡುವ ಧೈರ್ಯ ಸಾಲದೆ ಜೀಪಿನೊಂದಿಗೇ ಮಾತಾಡಿದರು. "ಗಾಡಿ ಕಲೀತಿದ್ದವಳು ನಾನು. ಮದುವೆ ಆದ ಮೇಲೆ ಬೆಟ್ಟದ ದಾರೀಲಿ ಅರ್ಧ ದೂರ ನೀವು, ಅರ್ಧ ದೂರ ನಾನು ಓಡಿಸ್ಬೇಕು, ನಿಮಗೆ ಆಶ್ಚರ್ಯ ಆಗ್ಬೇಕು ಅಂತ ಆಸೆ. ನನ್ನ ಕಲಿಕೆಗೆ ನಿಮ್ಮ ಗಾಡಿ ಹಾಳಾಯ್ತು. ಯಾವ ಮುಖ ಹೊತ್ಕೊಂಡು ಬರಲಿ?"

ತಾತ ಒಂದು ಹೆಜ್ಜೆ ಮುಂದೆ ಬಂದರು.

"ನನ್ನ ಕೈಗೆ ಹೆದರಿ ನೀವು ಬರ್ತಿಲ್ಲ ಅಂದ್ಕೊಂಡಿದ್ದೆ."

"ನಿಮ್ಮ ಕೈಗಾ?" ಎಂದು ಆಕೆ ತಲೆಯೆತ್ತಿದರು. "ಅದನ್ನ ನಂಬಿಯೇ ಅಲ್ವಾ ಈ ವಯಸ್ಸಲ್ಲಿ ಹೂಂ ಅಂದಿದ್ದು?"

ಅತ್ತೆ ಇದ್ದಕ್ಕಿದ್ದಂತೆ ಕನ್ನಡಕ ಒರೆಸಿಕೊಳ್ಳತೊಡಗಿದರು. ಸೊಸೆ ಮುಖ ತಿರುಗಿಸಿ ಬಾನೆಟ್ಟಿನ ಮೇಲಿನ ಟೈರು ಇಳಿಸಿದಳು.

"ಸಾಕು ಸಾಕು," ಎಂದು ಅವಳೇ ಕೂಗಿದಳು. "ತಾತ, ಹತ್ತಿ. ಅಕ್ಕ, ನೀವೂ ಹತ್ತಿ. ಪರೀಕ್ಷೆ ನಾಳೆ, ಅಭ್ಯಾಸ ಇವತ್ತು."

ತಾತ ಸ್ಟೀರಿಂಗ್ ಹಿಡಿದರು. ಮೊದಲು ಹಾಗೇ, ಹಳೆಯ ಗೆಳೆಯನ ಕೈ ಕುಲುಕುವಂತೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಆಮೇಲೆ ಹಿಂದಕ್ಕೆ ತೆಗೆದು, ಟೈರುಗಳ ರಾಶಿ ಬಳಸಿ, ಎರಡೂ ಕಡೆ ಒಂದೊಂದು ಗೇಣು ಉಳಿಯುವಂತೆ ಗೇಟು ದಾಟಿ, ಗುಜರಿ ಲಾರಿಯ ಪಕ್ಕದಲ್ಲೇ ನೂಲು ಹಿಡಿದಂತೆ ನೇರ ಹೋದರು. ಬೀದಿಯ ಕೊನೆಯಲ್ಲಿ ತಿರುಗಿ ಬರುವಾಗ ಸ್ಟೀರಿಂಗಿನ ಮೇಲೆ ಹಿಟ್ಟು ಮೆತ್ತಿದ ಕೈಗಳಿದ್ದವು, ಪಕ್ಕದ ಸೀಟಿನಲ್ಲಿ ತಾತ ಚಪ್ಪಾಳೆ ತಟ್ಟುತ್ತಿದ್ದರು. ಇಸ್ತ್ರಿ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದ. ಅವನ ಅಂಗಿಯ ಮೇಲೆ ಟೈರಿನ ಕರಿ ಮೆತ್ತಿತ್ತು. ಅವನಿಗದು ಗೊತ್ತಾಗಲೇ ಇಲ್ಲ. ಲಾರಿಯವನು ಕೂಡ ಇಳಿದುಬಂದು, ಕೆಲಸ ಹೋದದ್ದನ್ನು ಮರೆತು ಹಲ್ಲು ಕಿರಿದ.

"ಎಲ್ಲ ಸುಖವಾಯ್ತು," ಎಂದಳು ಸೊಸೆ ಅತ್ತೆಯ ಕಿವಿಯಲ್ಲಿ. "ಆದರೆ ಇವರಿಬ್ಬರೂ ಅಲ್ಲ, ಸ್ಪ್ಯಾನರ್ ಹಿಡಿಯೋಕೇ ಬರದ ಪಿಟೀಲು ಮೇಷ್ಟ್ರೂ ಅಲ್ಲ ಅಂದ್ರೆ ಆ ಎರಡು ಬೋಲ್ಟು?"

"ಅದನ್ನೇ ಯೋಚಿಸ್ತಿದ್ದೀನಿ. ಕೇಡು ಬಯಸೋನು ನಾಲ್ಕೂ ಸಡಿಲ ಮಾಡ್ತಾನೆ. ಕಳ್ಳ ನಾಲ್ಕೂ ಒಯ್ತಾನೆ. ಎರಡೇ ಯಾಕೆ? ಯಾರಿಗೆ ಎರಡೇ ಬೇಕಾಗಿತ್ತು?"

ಜೀಪು ಅಂಗಳಕ್ಕೆ ಬಂದು ನಿಂತಿತು. ಬೇಕರಿ ಒಡತಿಯ ಏಪ್ರನ್ನಿನ ಜೇಬಿನಲ್ಲಿ ಫೋನು ರಿಂಗಾಗುತ್ತಿತ್ತು. ಆಕೆಯ ಕೈಯೆಲ್ಲ ಹಿಟ್ಟಾದ್ದರಿಂದ ಸೊಸೆಯೇ ಫೋನು ತೆಗೆದು, ಎಲ್ಲರಿಗೂ ಕೇಳುವಂತೆ ಹಿಡಿದಳು. ಅಂಗಡಿಯಲ್ಲಿ ಒಲೆ ನೋಡಿಕೊಳ್ಳುವ ಹೆಂಗಸಿನ ದನಿ.

"ಅಮ್ಮ, ಎಲ್ಲಿದ್ದೀರಿ? ಸರ್ವೆಯರ್ ಜೀಪು ಅಂಗಡಿ ಮುಂದೆ ಬಂದು ನಿಂತಿದೆ."

"ಯಾವ ಜೀಪೇ? ಜೀಪು ಇಲ್ಲಿದೆ. ನಾನು ಅದರೊಳಗೇ ಕೂತಿದ್ದೀನಿ."

"ಇಲ್ಲಮ್ಮ, ಇಲ್ಲೇ ಇದೆ, ನನ್ನ ಕಣ್ಣೆದುರಿಗೆ. ಅದೇ ಬಣ್ಣ. ಅದೇ ನಂಬರು, ನಾನು ಎರಡು ಸಲ ಓದಿದೆ."

ಅಂಗಳದಲ್ಲಿ ಎಲ್ಲರ ಕಣ್ಣೂ ಮುದಿಗೂಳಿಯ ನಂಬರ್ ಪ್ಲೇಟಿಗೆ ಹೋಯಿತು. ಪ್ಲೇಟು ಇದ್ದಲ್ಲೇ ಇತ್ತು. ಇಂಜಿನ್ನು ಇನ್ನೂ ಬೆಚ್ಚಗೆ ಉಸಿರಾಡುತ್ತಿತ್ತು. "ಆ ಎರಡು ಬೋಲ್ಟು ಅಲ್ಲಿಗೇ ಹೋದ್ವಾ?" ಎಂದು ಸೊಸೆ ಪಿಸುಗುಟ್ಟಿದಳು.

"ಓಡಿಸಿಕೊಂಡು ಬಂದದ್ದು ಯಾರು?" ಎಂದು ಅತ್ತೆ ಫೋನಿಗೆ ಬಾಗಿದರು.

"ಒಬ್ಬರು ಹೆಂಗಸು. ವಯಸ್ಸಾದವರು, ತುಂಬ ಗಂಭೀರ. ಒಳಗೆ ಬಂದು ಕುರ್ಚಿ ಎಳೆದು ಕೂತಿದ್ದಾರೆ." ದನಿ ತಗ್ಗಿತು. "ಅಮ್ಮ, ಅವರು... ತಾನು ಸರ್ವೆಯರ್ ಹೆಂಡತಿ ಅಂತಿದ್ದಾರೆ."

ತಾತನ ಕೈಯಲ್ಲಿದ್ದ ಹಿಟ್ಟಿನ ಕೈ ಮೆಲ್ಲಗೆ ಜಾರಿತು.

"ನನಗೆ... ನನಗೆ ಮದುವೆಯೇ ಆಗಿಲ್ಲವಲ್ಲ!" ಎಂದರು ತಾತ.

ಎಲ್ಲರೂ ಅತ್ತೆಯ ಕಡೆ ನೋಡಿದರು. ಸುಳ್ಳಿನ ವಾಸನೆ ಹಿಡಿಯುವ ಆ ಮೂಗು ಒಂದು ಸಲ ತಾತನ ಕಡೆ ತಿರುಗಿತು, ಒಂದು ಸಲ ಫೋನಿನ ಕಡೆ.

"ವಿಚಿತ್ರ," ಎಂದರು ಅತ್ತೆ. "ಎರಡೂ ಕಡೆ ವಾಸನೆಯೇ ಇಲ್ಲ."